ಮಣ್ಣಿನ ಗೋಡೆಗೆ ಹೊಗಳಿಕೆ ಸರಿ, ಸೂರು ಮತ್ತು ಸಂದುಗಳ ಲೆಕ್ಕ ಎಲ್ಲಿ?

ಸಂಪಾದಕರಿಗೆ,

ಮಾನ್ಯರೇ,

ನೈಜೀರಿಯಾದ ಬೆನಿನ್ ಸಿಟಿಯಲ್ಲಿ ಎದ್ದಿರುವ ಪಶ್ಚಿಮ ಆಫ್ರಿಕಾ ಕಲಾ ಸಂಗ್ರಹಾಲಯ, ಅಂದರೆ ‘ಮೊವಾ’ದ ಬಗ್ಗೆ ಬರುವ ಬರಹಗಳಲ್ಲೆಲ್ಲ ಒಂದೇ ಪಲ್ಲವಿ: ಗೋಡೆ ಮಣ್ಣಿನದು, ಆದ್ದರಿಂದ ಕಟ್ಟಡ ತಾನಾಗಿ ತಂಪು, ಆದ್ದರಿಂದ ಪರಿಸರಸ್ನೇಹಿ. ಮೊದಲನೆಯ ‘ಆದ್ದರಿಂದ’ ಆ ಊರಿನ ಮಟ್ಟಿಗೆ ತಪ್ಪು. ಎರಡನೆಯದು ಅರ್ಧ ನಿಜ. ಮಣ್ಣಿನ ಕಟ್ಟಡಗಳ ಕೆಲಸದಲ್ಲಿರುವವರಾಗಿ ಈ ಎರಡನ್ನೂ ಲೆಕ್ಕ ಹಾಕಿ ತೋರಿಸುವುದು ಈ ಪತ್ರದ ಉದ್ದೇಶ. ಮಣ್ಣಿನ ಮೇಲೆ ನಮಗೆ ಮುನಿಸಿಲ್ಲ. ಅದು ಮಾಡದ ಕೆಲಸವನ್ನು ಅದರ ತಲೆಗೆ ಕಟ್ಟಿದರೆ, ನಾಳೆ ಕಟ್ಟಡ ಸೋತಾಗ ಬೈಗುಳವೂ ಅದಕ್ಕೇ ಬೀಳುತ್ತದೆ ಎಂಬ ಕಳವಳವಷ್ಟೇ.

ಮೊದಲು ಊರು ಯಾವುದೆಂಬುದು ಸ್ಪಷ್ಟವಾಗಲಿ. ಬೆನಿನ್ ಸಿಟಿ ಇರುವುದು ಬೆನಿನ್ ಎಂಬ ದೇಶದಲ್ಲಲ್ಲ, ನೈಜೀರಿಯಾದ ಎಡೋ ರಾಜ್ಯದಲ್ಲಿ. 1897ರಲ್ಲಿ ಬ್ರಿಟಿಷ್ ಸೇನೆ ಅರಮನೆಯನ್ನು ಲೂಟಿ ಮಾಡಿ ಸಾವಿರಾರು ಎರಕದ ಮೂರ್ತಿ, ಫಲಕ, ದಂತದ ಕೆತ್ತನೆಗಳನ್ನು ಹೊತ್ತೊಯ್ದದ್ದು ಈ ಊರಿನಿಂದ. ಮೊವಾದ ವಿನ್ಯಾಸ ಅಡ್ಜಾಯೆ ಅಸೋಸಿಯೇಟ್ಸ್ ಸಂಸ್ಥೆಯದು. ಪ್ರಯೋಗಾಲಯ, ಉಗ್ರಾಣ, ಸಭಾಂಗಣಗಳಿರುವ ಸಂಶೋಧನಾ ಕಟ್ಟಡ ಮೊದಲು ಎದ್ದಿದೆ. ಕೆಂಪು ಮಣ್ಣನ್ನು ಪದರ ಪದರವಾಗಿ ಬಡಿದು ಒತ್ತಿ, ಅಂದರೆ ದಮ್ಮಸು ಹಾಕಿ, ಕಟ್ಟಿದ ಗೋಡೆಗಳೇ ಅದರ ಗುರುತು. 2025ರ ನವೆಂಬರ್‌ನಲ್ಲಿ ಉದ್ಘಾಟನೆಗೆ ಎರಡು ದಿನ ಇರುವಾಗ ಪ್ರತಿಭಟನಕಾರರು ಒಳಗೆ ನುಗ್ಗಿದ್ದರಿಂದ ಸಮಾರಂಭ ಮುಂದಕ್ಕೆ ಹೋಯಿತು. ಮರಳಿ ಬರುವ ಕಲಾಕೃತಿಗಳು ಯಾರ ಸುಪರ್ದಿನಲ್ಲಿರಬೇಕು, ಅರಮನೆಯದೋ ಸಂಗ್ರಹಾಲಯದ್ದೋ ಎಂಬ ಆ ಜಗಳ ಅಲ್ಲಿನವರದು. ನಾವು ಗೋಡೆಯ ಮಾತಿಗೇ ಬರುತ್ತೇವೆ.

ದಪ್ಪ ಮಣ್ಣಿನ ಗೋಡೆ ಒಳಗನ್ನು ತಂಪಾಗಿಡುವುದು ಹೇಗೆ? ಹಗಲಿನ ಬಿಸಿಯನ್ನು ಹೀರಿ, ಎಂಟು ಹತ್ತು ಗಂಟೆ ತಡೆದಿಟ್ಟು, ರಾತ್ರಿಯ ತಂಪಿಗೆ ಬಿಟ್ಟುಕೊಡುವುದರಿಂದ. ಹಾಗೆ ಬಿಟ್ಟುಕೊಡಲು ರಾತ್ರಿ ತಂಪಾಗಬೇಕು. ಮಾಲಿಯ ಬಮಾಕೊದಲ್ಲಿ ಒಣಗಾಲದಲ್ಲಿ ಹಗಲು ರಾತ್ರಿಗೆ ಸುಮಾರು 15 ಡಿಗ್ರಿ ವ್ಯತ್ಯಾಸ ಇರುತ್ತದೆ, ಅಲ್ಲಿ ಮಣ್ಣಿನ ಗೋಡೆ ನಿಜಕ್ಕೂ ದುಡಿಯುತ್ತದೆ. ದಕ್ಷಿಣ ಆಫ್ರಿಕಾದ ಲಿಂಪೊಪೊ ದಂಡೆಯ ಮಾಪುಂಗುಬ್ವೆಯಲ್ಲೂ ಅಷ್ಟೇ. ಅಲ್ಲಿನ ವ್ಯಾಖ್ಯಾನ ಕೇಂದ್ರಕ್ಕೆ ಊರಿನವರೇ ಸ್ಥಳದಲ್ಲೇ ಮಣ್ಣಿನ ಬಿಲ್ಲೆಗಳನ್ನು ಒತ್ತಿ, ಮೊದಲ ಪದರವನ್ನು ಬೇಗ ಗಟ್ಟಿಯಾಗುವ ಜಿಪ್ಸಂನಲ್ಲಿ ಕೂಡಿಸಿ, ಕಮಾನು ಚಾವಣಿಯನ್ನೇ ಮಣ್ಣಿನಲ್ಲಿ ಎಬ್ಬಿಸಿದರು. 2009ರಲ್ಲಿ ಅದಕ್ಕೆ ವಿಶ್ವ ಕಟ್ಟಡ ಪ್ರಶಸ್ತಿ ಬಂತು. ಆ ಪ್ರದೇಶ ಒಣ ಹವೆಯದು. ಬೆನಿನ್ ಸಿಟಿ ಸಮಭಾಜಕದಿಂದ ಆರು ಡಿಗ್ರಿ ಚಿಲ್ಲರೆ ಉತ್ತರಕ್ಕಿದೆ, ವರ್ಷಕ್ಕೆ 2,000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಮಳೆಗಾಲದಲ್ಲಿ ಹಗಲು 29 ಇದ್ದರೆ ರಾತ್ರಿ 23. ಆರೇಳು ಡಿಗ್ರಿ ಅಂತರದಲ್ಲಿ ಗೋಡೆ ಏನು ಹೀರಿ ಏನು ಬಿಟ್ಟೀತು? ನಮ್ಮ ಕರಾವಳಿಯ ಆಷಾಢವನ್ನು ನೆನೆಸಿಕೊಂಡರೆ ಸಾಕು: ಬಾಧೆ ಬಿಸಿಲಿನದಲ್ಲ, ಬಟ್ಟೆ ಒಣಗದ, ಚಪ್ಪಲಿಗೆ ಬೂಷ್ಟು ಹತ್ತುವ ತೇವದ್ದು.

ಹಾಗಿದ್ದರೆ ಅಲ್ಲಿ ಮಣ್ಣೇ ಯಾಕೆ? ಕಾರಣಗಳಿವೆ, ಬೇರೆಯವು. ಕಾಲ ಕೆಳಗೇ ಒಳ್ಳೆಯ ಮಣ್ಣಿದೆ. ಬೆನಿನ್ ಸಿಟಿಯ ಕೆಂಪು ಮಣ್ಣು ಲ್ಯಾಟರೈಟ್ ಜಾತಿಯದು, ನಮ್ಮ ಜಂಬಿಟ್ಟಿಗೆ, ಮುರಕಲ್ಲುಗಳ ದಾಯಾದಿ. (ಲ್ಯಾಟರೈಟ್ ಎಂಬ ಹೆಸರೇ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಕೊಟ್ಟದ್ದು.) ಅದರ ಜೇಡಿಯಲ್ಲಿ ಹೆಚ್ಚಿನದು ಕೆಯೊಲಿನೈಟ್ ಎಂಬ ಖನಿಜ. ಎರೆಮಣ್ಣಿನ ಹಾಗೆ ನೀರು ಕುಡಿದು ಊದುವುದಿಲ್ಲ, ಒಣಗಿ ಬಾಯಿ ಬಿಡುವುದಿಲ್ಲ. ಇನ್ನು ಎಡೋ ಜನ ಶತಮಾನಗಳಿಂದ ಇದೇ ಮಣ್ಣನ್ನು ವರಸೆ ವರಸೆಯಾಗಿ ಏರಿಸಿ ಮನೆ ಕಟ್ಟಿದವರು. ನಗರದ ಸುತ್ತಿನ ಕಂದಕ, ಮಣ್ಣಿನ ಕೋಟೆ ಲೋಕಪ್ರಸಿದ್ಧ. ಮುಖ್ಯಸ್ಥರ ಮನೆಗಳ ಗೋಡೆಗೆ ಉಜ್ಜಿ ನುಣುಪು ಮಾಡಿದ ಅಡ್ಡ ಏಣುಗಳಿರುತ್ತಿದ್ದವು. 1897ರ ದಾಳಿಯ ಬೆಂಕಿಯಲ್ಲಿ ಸುಡದೆ ಉಳಿದ ಒಗಿಯಾಮಿಯೆನ್ ಮುಖ್ಯಸ್ಥರ ಮನೆಯಲ್ಲಿ ಅವನ್ನು ಈಗಲೂ ನೋಡಬಹುದು. ಆ ಏಣುಗಳು ಮಳೆನೀರು ತಡೆಯುವ ಜಾಣತನ ಎಂದು ಕೆಲವರು ಬರೆಯುತ್ತಾರೆ. ಅವು ಅಂತಸ್ತಿನ ಗುರುತು. ನೀರು ತಡೆದದ್ದು ಮೇಲಿನ ಸೂರು.

ಮೂರನೆಯ ಕಾರಣ ಗೋಡೆ ಕಟ್ಟಲು ತಗಲುವ ಇಂಧನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಶುರುವಾದ ಮೇಲೆ ಮಣ್ಣಿನ ಕಟ್ಟಡದ ಬಗ್ಗೆ ಬಿಡದೆ ಸಂಶೋಧನೆ ನಡೆದಿದೆ. ಅಲ್ಲಿನ ಅಳತೆಯ ಪ್ರಕಾರ ಶೇ 6ರಿಂದ 8 ಸಿಮೆಂಟ್ ಬೆರೆಸಿ ದಮ್ಮಸು ಹಾಕಿದ ಗೋಡೆಗೆ ಘನ ಮೀಟರಿಗೆ 0.4ರಿಂದ 0.5 ಗಿಗಾಜೌಲ್ ಇಂಧನ ಸಾಕು, ಸುಟ್ಟ ಇಟ್ಟಿಗೆ ಗೋಡೆಗೆ ಬೇಕಾಗುವುದರ ಕಾಲು ಭಾಗ ಮೀರದು. ಆದರೆ ಇಲ್ಲೊಂದು ಕಣ್ಣುಕಟ್ಟು ಇದೆ. ಘನ ಮೀಟರಿಗೆ 1,800 ಕಿಲೊ ಮಣ್ಣು, ಶೇ 8 ಸಿಮೆಂಟ್ ಎಂದರೆ 144 ಕಿಲೊ, ಹತ್ತಿರ ಹತ್ತಿರ ಮೂರು ಮೂಟೆ. ಗೋಡೆ 400 ಮಿ.ಮೀ. ದಪ್ಪವಿದ್ದರೆ ಒಂದು ಚದರ ಮೀಟರ್ ಗೋಡೆಗೆ 58 ಕಿಲೊ ಸಿಮೆಂಟ್ ಹೋಯಿತು. ಘನ ಮೀಟರಿಗೆ 320 ಕಿಲೊ ಸಿಮೆಂಟ್ ಹಾಕಿದ 200 ಮಿ.ಮೀ. ಕಾಂಕ್ರೀಟ್ ಗೋಡೆಗೆ 64 ಕಿಲೊ. ಕಬ್ಬಿಣದ ಉಳಿತಾಯ ಬಿಟ್ಟರೆ ಗಳಿಸಿದ್ದೇನು? ಹೆದರಿಕೆಯಿಂದ ಕಾಂಟ್ರಾಕ್ಟರ್ ಶೇ 10ಕ್ಕೆ ಏರಿಸಿದರೆ 72 ಕಿಲೊ, ಅಂದರೆ ಕಾಂಕ್ರೀಟಿಗಿಂತ ಹೆಚ್ಚು! ಅದೇ 300 ಮಿ.ಮೀ. ದಪ್ಪ, ಶೇ 6 ಸಿಮೆಂಟ್ ಸಾಕಾಗುವ ಹಾಗೆ ಮಣ್ಣನ್ನು ಹದ ಮಾಡಿದರೆ 32 ಕಿಲೊಗೆ ಇಳಿಯುತ್ತದೆ. ಮಳೆ ಮುಟ್ಟದ ಒಳಗೋಡೆಗೆ ಸಿಮೆಂಟೇ ಬೇಡ. ‘ಮಣ್ಣಿನ ಕಟ್ಟಡ’ ಎಂಬ ಹಣೆಪಟ್ಟಿ ನೋಡಿ ಖುಷಿಪಡುವ ಮುಂಚೆ ಶೇಕಡಾ ಎಷ್ಟು, ದಪ್ಪ ಎಷ್ಟು ಎಂದು ಕೇಳಬೇಕು.

ಹದದ ವಿಷಯಕ್ಕೆ ಬಂದರೆ, ಮೇಲಿನ ಅರ್ಧ ಮೀಟರ್ ಬೇರು, ಕೊಳೆತ ಎಲೆ ಇರುವ ಮಣ್ಣು ಬೇಡ. ಅದರ ಕೆಳಗಿನದನ್ನು ಗಾಜಿನ ಶೀಶೆಗೆ ಮೂರನೇ ಒಂದು ಭಾಗ ಹಾಕಿ, ಚಿಟಿಕೆ ಉಪ್ಪು, ನೀರು ಸೇರಿಸಿ ಕುಲುಕಿ ಒಂದು ದಿನ ಬಿಟ್ಟರೆ ಮರಳು, ಹೂಳು, ಜೇಡಿ ಬೇರೆ ಬೇರೆ ಪದರವಾಗಿ ಕೂರುತ್ತವೆ. ಸಿಮೆಂಟ್ ಬೆರೆಸುವುದಾದರೆ ಜೇಡಿ ಶೇ 10ರಿಂದ 15 ಇರಬೇಕು, ಮರಳು, ಸಣ್ಣ ಜಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಾಗಬಾರದು. ಲ್ಯಾಟರೈಟ್ ಮಣ್ಣಿನಲ್ಲಿ ಜೇಡಿ ಇದಕ್ಕಿಂತ ಹೆಚ್ಚಿರುವುದೇ ರೂಢಿ, ಮರಳು ಬೆರೆಸಿ ಇಳಿಸಬೇಕಾಗುತ್ತದೆ. ನೀರು ಶೇ 8ರಿಂದ 12. ಮುಷ್ಟಿಯಲ್ಲಿ ಒತ್ತಿದ ಉಂಡೆಯನ್ನು ಎದೆಯೆತ್ತರದಿಂದ ಬಿಟ್ಟಾಗ ನಾಲ್ಕಾರು ತುಂಡಾದರೆ ಹದ ಸರಿ. ಒಡೆಯದೆ ಚಪ್ಪಟೆಯಾದರೆ ನೀರು ಜಾಸ್ತಿ, ಪುಡಿ ಪುಡಿಯಾದರೆ ಕಡಿಮೆ. ಶಟರಿಂಗ್ ಹಲಗೆಗಳ ನಡುವೆ 150 ಮಿ.ಮೀ. ಸಡಿಲ ಮಣ್ಣು ಹರಡಿ ಸುಮಾರು 100ಕ್ಕೆ ಇಳಿಯುವ ತನಕ ದಮ್ಮಸು ಹಾಕಬೇಕು, ದಮ್ಮಸಿನ ಸದ್ದು ಮೆತ್ತಗಿನಿಂದ ಗಣ್ ಎನ್ನುವವರೆಗೆ. ಅತಿ ಹೆಚ್ಚು ಕೆಡುವುದು ಇಲ್ಲಿ: ಸಿಮೆಂಟ್ ಕಲಸಿದ ಮಣ್ಣನ್ನು ಮುಕ್ಕಾಲು ಗಂಟೆಯೊಳಗೆ ಮುಗಿಸಬೇಕು. ಊಟಕ್ಕೆ ಹೋಗಿ ಬಂದು ಅದೇ ಗುಡ್ಡೆಗೆ ನೀರು ಚಿಮುಕಿಸಿ ಹಾಕಿದರೆ ಆ ಪದರ ಎಷ್ಟು ಹೊಡೆದರೂ ಒತ್ತಿಕೊಳ್ಳುವುದಿಲ್ಲ. ಆರು ತಿಂಗಳ ಮೇಲೆ ಗೋಡೆಯಲ್ಲಿ ಉದುರುವ ಪಟ್ಟಿ ಕಂಡರೆ ಅದು ಅಂದಿನ ಊಟದ ವೇಳೆ ಎಂದೇ ತಿಳಿಯಬಹುದು. ಮೂಲೆಗಳಿಗೆ 50 ಮಿ.ಮೀ. ಓರೆ ಕೊಡದಿದ್ದರೆ ಹಲಗೆ ಬಿಚ್ಚುವಾಗಲೇ ಮುರಿಯುತ್ತವೆ. ಮೂರು ಮೀಟರಿಗಿಂತ ಉದ್ದದ ಗೋಡೆಯನ್ನು ಸಂದು ಬಿಡದೆ ಕಟ್ಟಿದರೆ ಅದು ತನಗೆ ಬೇಕಾದ ಕಡೆ ತಾನೇ ಬಿರುಕು ಬಿಟ್ಟುಕೊಳ್ಳುತ್ತದೆ. ವಿದ್ಯುತ್ ಪೈಪುಗಳನ್ನು ಮೊದಲೇ ಇಟ್ಟಿರಬೇಕು, ಆಮೇಲೆ ಕೊರೆದರೆ ಗೋಡೆಯ ಮುಖವೇ ಹೋಗುತ್ತದೆ. ಹಸಿ ಗೋಣಿತಾಟು ಹೊದಿಸಿ ಕನಿಷ್ಠ ಎರಡು ವಾರ ಕ್ಯೂರಿಂಗ್.

ಇಷ್ಟೆಲ್ಲ ಮಾಡಿದ ಗೋಡೆಯನ್ನು ಮಳೆ ಎರಡು ಕಡೆಯಿಂದ ತಿನ್ನುತ್ತದೆ. ನೆಲಕ್ಕೆ ಬಿದ್ದು ಪುಟಿಯುವ ಹನಿ ಕೆಳಗಿನ ಒಂದೂವರೆ ಅಡಿಯನ್ನು ಕೊರೆಯುತ್ತದೆ, ಹಾಗಾಗಿ ಕನಿಷ್ಠ 450 ಮಿ.ಮೀ. ಎತ್ತರದ ಕಲ್ಲಿನ ಅಥವಾ ಕಾಂಕ್ರೀಟಿನ ಪಾಯ, ಅದರ ಮೇಲೆ ಶೀತ ಏರದಂತೆ ಒಂದು ತಡೆ. ಇನ್ನೊಂದು ಇರಚಲು. ಮಳೆ 30 ಡಿಗ್ರಿ ಓರೆಯಾಗಿ ಹೊಡೆದರೆ 1.2 ಮೀಟರ್ ಚಾಚಿದ ಸೂರು ಮೇಲಿನ ಎರಡು ಮೀಟರ್ ಗೋಡೆಯನ್ನಷ್ಟೇ ಕಾಯುತ್ತದೆ. ಗೋಡೆ ಆರು ಮೀಟರ್ ಎತ್ತರವಿದ್ದರೆ ಕೆಳಗಿನ ನಾಲ್ಕು ಮೀಟರ್ ನೆನೆಯಿತು ಎಂದೇ ಲೆಕ್ಕ. ಈಗಿನ ಆರ್ಕಿಟೆಕ್ಟ್‌ಗಳಿಗೆ ಸೂರಿಲ್ಲದೆ ನೇರ ಏರುವ, ಚೂಪು ಅಂಚಿನ ಕೆಂಪು ಗೋಡೆ ಎಂದರೆ ಪ್ರೀತಿ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆ ಪ್ರೀತಿಗಾಗಿ ಸಿಲಿಕೋನ್ ದ್ರಾವಣ ಬಳಿಯುತ್ತಾರೆ, ಅದನ್ನು ಐದಾರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು, ಮೂರನೇ ಸಲಕ್ಕೆ ದುಡ್ಡಿರುವುದಿಲ್ಲ. ದಕ್ಷಿಣ ಕನ್ನಡ, ಮಲೆನಾಡುಗಳಲ್ಲಿ ಮಣ್ಣಿನ ಗೋಡೆಗೆ ಮಳೆಗಾಲ ಹಿಡಿಯುವ ಮುಂಚೆ ಮಡಲಿನ ತಟ್ಟಿಯನ್ನೋ ಅಡಿಕೆ ಸೋಗೆಯನ್ನೋ ಕಟ್ಟಿ, ಮಳೆ ಬಿಟ್ಟ ಮೇಲೆ ಬಿಚ್ಚುತ್ತಿದ್ದರು. ಸಂಗ್ರಹಾಲಯಕ್ಕೂ ಆ ಬುದ್ಧಿ ಹೊಂದುತ್ತದೆ: ಗೋಡೆಯಿಂದ ಒಂದು ಮೀಟರ್ ಆಚೆ ಬಿದಿರಿನದೋ ಮರದ್ದೋ ಜಾಲರಿ, ನಡುವೆ ಓಡಾಡುವ ಜಗಲಿ.

ಗೆದ್ದಲನ್ನು ಬಹಳ ಜನ ಮರೆಯುತ್ತಾರೆ. ಮರದ ಮೂರ್ತಿ, ಮುಖವಾಡಗಳಿರುವ ಕಟ್ಟಡಕ್ಕೆ ಮಣ್ಣಿನ ಗೋಡೆ ಎಂದರೆ ಗೆದ್ದಲಿಗೆ ಹೆದ್ದಾರಿ; ಗೋಡೆಯೊಳಗಿನ ಒಂದು ಬಿರುಕು ಸಾಕು, ಹೊರಗಿನಿಂದ ಏನೂ ಕಾಣದು. ಪಾಯದ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಸಿ, ಅದರ ಕೆಳಗೆ ಸುತ್ತಲೂ ಒಂದು ಗೇಣು ಪಟ್ಟಿಯನ್ನು ಗಿಡ, ಬಣ್ಣ, ಹಲಗೆ ಯಾವುದೂ ಮುಚ್ಚದಂತೆ ಬರಿದಾಗಿಡಬೇಕು. ಗೆದ್ದಲು ಏರಿದರೆ ಅದರ ಮಣ್ಣಿನ ಕೊಳವೆ ಅಲ್ಲಿ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಒಂದು ಸುತ್ತು ಬರುವ ಕೆಲಸಗಾರ ಯಾವ ರಾಸಾಯನಿಕಕ್ಕಿಂತಲೂ ಮೇಲು.

ಇನ್ನು ಒಳಗಿನ ಗಾಳಿ. ಸಂಗ್ರಹಾಲಯದ ಕರೆಂಟ್ ಬಿಲ್ ಏರುವುದೂ ಇಳಿಯುವುದೂ ಇಲ್ಲೇ. ಬೂಷ್ಟು ಶೇ 65ರಿಂದ 70ರ ಆರ್ದ್ರತೆ ದಾಟಿದ ಮೇಲೆ ಬೆಳೆಯುತ್ತದೆ. 20 ಡಿಗ್ರಿ ಉಷ್ಣತೆ, ಶೇ 50 ಆರ್ದ್ರತೆ, ಆಚೀಚೆ ಕದಲಬಾರದು ಎಂಬ ಹಳೆಯ ನಿಯಮದ ಬೇರು ಯೂರೋಪಿನಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಚಿತ್ರಗಳನ್ನು ವೇಲ್ಸ್‌ನ ಕಲ್ಲುಗಣಿಯಲ್ಲಿ ಬಚ್ಚಿಟ್ಟಾಗ, ಅಲುಗದ ಹವೆಯಲ್ಲಿ ಅವು ಚೆನ್ನಾಗಿ ಉಳಿದ ಅನುಭವ ಅದಕ್ಕೆ ಬಲ ಕೊಟ್ಟಿತು. ಈಗ ದೊಡ್ಡ ಸಂಗ್ರಹಾಲಯಗಳ ಬಿಜೊ ಗುಂಪಿನ ಮಾರ್ಗಸೂಚಿಯೇ ಶೇ 40ರಿಂದ 60, 16ರಿಂದ 25 ಡಿಗ್ರಿ, ಒಂದು ದಿನದಲ್ಲಿ ಶೇ 10ರ ಏರಿಳಿತ ಎಂದು ಸಡಿಲವಾಗಿದೆ. ಬಿಸಿ, ತೇವದ ನಾಡುಗಳು ತಮಗೆ ಹೊಂದುವ ಮಿತಿಯನ್ನು ಹಾಕಿಕೊಳ್ಳುವುದೇ ಸರಿ. ಶೇ 70ರ ತೇವದಲ್ಲಿ ನೂರು ವರ್ಷ ಒಗ್ಗಿಹೋದ ಮರದ ಕೆತ್ತನೆಯನ್ನು ‘ಅಂತರರಾಷ್ಟ್ರೀಯ ಗುಣಮಟ್ಟ’ ಎಂದು ಶೇ 50ರ ಕೋಣೆಗೆ ಒಯ್ದಿಟ್ಟರೆ ಸೀಳುತ್ತದೆ. ಯೂರೋಪಿನ ಒಣಗಾಳಿಯಿಂದ ಮರಳಿ ಬಂದ ಮರ, ದಂತಗಳ ಪಾಡು ಇದಕ್ಕೆ ತದ್ವಿರುದ್ಧ. ಅವೆರಡಕ್ಕೂ ಒಂದೇ ಉಗ್ರಾಣ ಆಗದು.

ಲೋಹಕ್ಕೂ ಒಂದು ಮಾತು. ‘ಬೆನಿನ್ ಕಂಚು’ ಎಂದು ಕರೆಯುವುದರಲ್ಲಿ ಹೆಚ್ಚಿನವು ಕಂಚಲ್ಲ, ಹಿತ್ತಾಳೆ. ಅರಮನೆಯಲ್ಲಿದ್ದವು, ಮಣ್ಣಿನಲ್ಲಿ ಹೂತಿದ್ದವಲ್ಲ, ಹಾಗಾಗಿ ಕ್ಲೋರೈಡ್ ಹೊಕ್ಕು ತಿಳಿಹಸಿರು ಪುಡಿ ಉದುರುವ ರೋಗ ಅವಕ್ಕೆ ಅಷ್ಟಾಗಿ ಬಾಧಿಸದು. ಅಗೆದು ತೆಗೆದ ತಾಮ್ರದ ವಸ್ತುಗಳಿಗೆ ಮಾತ್ರ ಅದು ನಿಜವಾದ ಅಪಾಯ, ಆರ್ದ್ರತೆಯನ್ನು ಶೇ 42ಕ್ಕಿಂತ ಕೆಳಗಿಡಬೇಕು. ಅದಕ್ಕಾಗಿ ಇಡೀ ಕೋಣೆಯನ್ನು ಒಣಗಿಸುವುದು ದಡ್ಡತನ. ಗಾಳಿಯಾಡದ ಗಾಜಿನ ಪೆಟ್ಟಿಗೆ, ಒಂದು ಘನ ಮೀಟರಿಗೆ 20 ಕಿಲೊ ಹದ ಮಾಡಿದ, ತೇವ ಹೀರುವ ಸಿಲಿಕಾ ಜೆಲ್ ಹರಳು ಎಂಬುದು ಹಳೆಯ, ನಂಬಬಹುದಾದ ಲೆಕ್ಕ. ಅರ್ಧ ಘನ ಮೀಟರಿನ ಪೆಟ್ಟಿಗೆಗೆ 10 ಕಿಲೊ. ಕರೆಂಟು ಹೋದರೂ ಅದು ಕೆಲಸ ಮಾಡುತ್ತಿರುತ್ತದೆ.

ಕರೆಂಟು ಹೋಗುವುದು ನೈಜೀರಿಯಾದಲ್ಲಿ ಅಪರೂಪವಲ್ಲ. 2024ರಲ್ಲಿ ರಾಷ್ಟ್ರೀಯ ಜಾಲವೇ ಹಲವು ಬಾರಿ ಕುಸಿಯಿತು. ಡೀಸೆಲ್ ಜನರೇಟರ್ ಲೆಕ್ಕವನ್ನು ಹೀಗೆ ಹಾಕಿ: ಹೊರಗೆ 30 ಡಿಗ್ರಿ, ಶೇ 80 ತೇವ. ಒಳಗೆ 24 ಡಿಗ್ರಿ, ಶೇ 55 ಬೇಕು. ಒಳಬರುವ ಪ್ರತಿ ಘನ ಮೀಟರ್ ಗಾಳಿಯಿಂದ ಸುಮಾರು 13 ಗ್ರಾಂ ನೀರು ಹಿಂಡಬೇಕಾಗುತ್ತದೆ. 1,000 ಘನ ಮೀಟರಿನ ಒಂದು ಪ್ರದರ್ಶನ ಕೋಣೆಯಲ್ಲಿ ಗಂಟೆಗೆ ಅರ್ಧದಷ್ಟು ಗಾಳಿ ಸಂದುಗೊಂದುಗಳಿಂದ ಬದಲಾಗುತ್ತಿದ್ದರೆ ದಿನಕ್ಕೆ 156 ಲೀಟರ್ ನೀರು. ಲೀಟರಿಗೆ ಅರ್ಧ ಯೂನಿಟ್ ಹಿಡಿದರೂ 78 ಯೂನಿಟ್, ಜನರೇಟರ್‌ಗೆ 24 ಲೀಟರ್ ಡೀಸೆಲ್. ಒಂದು ಕೋಣೆಗೆ, ಒಂದು ದಿನಕ್ಕೆ, ನೋಡಲು ಬಂದವರ ಬೆವರು ಸೇರಿಸದೆ. ಗಾಳಿಯ ಸೋರಿಕೆಯನ್ನು ಗಂಟೆಗೆ ಹತ್ತನೇ ಒಂದಕ್ಕೆ ಇಳಿಸಿದರೆ ಇದೇ ಕೋಣೆಗೆ 31 ಲೀಟರ್ ನೀರು, ಐದು ಲೀಟರ್ ಡೀಸೆಲ್. ಒಳಗಿನ ಗುರಿಯನ್ನು 26 ಡಿಗ್ರಿ, ಶೇ 60ಕ್ಕೆ ಸಡಿಲಿಸಿದರೆ ಇನ್ನೊಂದು ಐದನೇ ಭಾಗ ಉಳಿಯಿತು. ಗೋಡೆಯನ್ನು ಎಷ್ಟು ದಪ್ಪ ಮಾಡಿದರೂ ಈ ಉಳಿತಾಯ ಬಾರದು.

ಮಣ್ಣಿನ ಗೋಡೆ ಸೋರುವುದು ಎಲ್ಲಿ ಎಂಬುದು ಕಟ್ಟಿದವರಿಗೆ ಗೊತ್ತು. ಶಟರಿಂಗ್ ಬೋಲ್ಟಿನ ತೂತುಗಳು, ಮೂರು ಮೀಟರಿಗೊಂದರಂತೆ ಬಿಟ್ಟ ಸಂದುಗಳು, ಕಿಟಕಿ ಚೌಕಟ್ಟಿನ ಸುತ್ತ, ಎಲ್ಲಕ್ಕಿಂತ ಹೆಚ್ಚಾಗಿ ಗೋಡೆಯ ನೆತ್ತಿ. ನಾಲ್ಕು ಮೀಟರ್ ಗೋಡೆ ಒಣಗುತ್ತ ನಾಲ್ಕು ಮಿ.ಮೀ. ಕುಗ್ಗಿದರೆ ಮೇಲಿನ ಕಾಂಕ್ರೀಟ್ ತೊಲೆಗೂ ಅದಕ್ಕೂ ನಡುವೆ ಅಷ್ಟು ಬಿರುಕು. 40 ಮೀಟರ್ ಉದ್ದಕ್ಕೆ ಕೂಡಿಸಿದರೆ 40 ಸೆಂ.ಮೀ. ಉದ್ದಗಲದ ಕಿಟಕಿಯೊಂದನ್ನು ವರ್ಷವಿಡೀ ತೆರೆದಿಟ್ಟ ಹಾಗೆ. ಗೋಡೆ ಪೂರ್ತಿ ಒಣಗಿದ ಮೇಲೆ ಅಲ್ಲಿ ಹಿಗ್ಗುವ ಪಟ್ಟಿ ತುರುಕಿ ಸುಣ್ಣದ ಗಾರೆಯಿಂದ ಮುಚ್ಚಬೇಕು, ಆಮೇಲೆ ಫ್ಯಾನ್ ಇಟ್ಟು ಸೋರಿಕೆ ಪರೀಕ್ಷೆ ಮಾಡಬೇಕು. ಒಳಮುಖದ ಮಣ್ಣು ಪುಡಿ ಉದುರಿಸುತ್ತಿದ್ದರೆ ಅದು ಕಲಾಕೃತಿಗಳ ಮೇಲೆ ಕೂರುವ ಉಪ್ಪುಕಾಗದ. ಉಗ್ರಾಣದಲ್ಲಿ ಗೋಡೆಯನ್ನು ಬರಿದಾಗಿ ತೋರಿಸುವ ಚಪಲ ಬೇಡ, ಸಿಲಿಕೇಟ್ ಬಣ್ಣ ಬಳಿಯಲಿ. ಅದನ್ನು ಬಳಿದ ಮೇಲೂ ತೇವ ಹೀರಿ ಬಿಡುವ ಗೋಡೆಯ ಗುಣ ಉಳಿಯುತ್ತದೆ.

ಉಗ್ರಾಣವನ್ನು ಕಟ್ಟಡದ ನಡುವೆ, ಹೊರಗೋಡೆ ಮುಟ್ಟದಂತೆ, ಸುತ್ತ ಹಜಾರವಿರುವಂತೆ ಇಟ್ಟರೆ ಸಣ್ಣ ಯಂತ್ರವೊಂದು ಸಾಕು. ನೆಲಮಾಳಿಗೆಯಲ್ಲಂತೂ ಬೇಡವೇ ಬೇಡ. ಬೆನಿನ್ ಸಿಟಿ ಮಳೆನೀರಿನ ಕೊರಕಲು, ಪ್ರವಾಹಗಳಿಗೆ ಹೆಸರಾದ ಊರು, 1,000 ಚದರ ಮೀಟರ್ ಚಾವಣಿಯ ಮೇಲೆ ಗಂಟೆಗೆ 75 ಮಿ.ಮೀ. ಮಳೆ ಎಂದರೆ 75,000 ಲೀಟರ್. ಆ ನೀರನ್ನು ಇಳಿಸುವ ಪೈಪು ಕಟ್ಟಡದ ಹೊರಗಿರಲಿ. ಸೂರ್ಯ ನೆತ್ತಿಯ ಮೇಲೇ ಹಾಯುವ ಊರಲ್ಲಿ ಬಿಸಿಯ ದೊಡ್ಡ ಪಾಲು ಇಳಿಯುವುದೂ ಚಾವಣಿಯಿಂದ. ಬುರ್ಕಿನಾ ಫಾಸೊದ ಗಾಂಡೊ ಶಾಲೆಯಲ್ಲಿ ಆರ್ಕಿಟೆಕ್ಟ್ ಫ್ರಾನ್ಸಿಸ್ ಕೆರೆ ತೋರಿಸಿದ ದಾರಿ ಇಲ್ಲಿಗೂ ಸರಿ: ಇಟ್ಟಿಗೆಯ ಒಳಚಾವಣಿ, ಅದರಿಂದ ಮೇಲಕ್ಕೆ ಸರಳುಗಳ ಮೇಲೆ ಎತ್ತಿಟ್ಟ ತಗಡು, ನಡುವೆ ಗಾಳಿಯ ಓಟ. ಒಂದೇ ವ್ಯತ್ಯಾಸ, ಶಾಲೆಯ ಒಳಚಾವಣಿಗೆ ತೂತುಗಳಿವೆ. ಸಂಗ್ರಹಾಲಯದ್ದಕ್ಕೆ ಒಂದೂ ಇರಬಾರದು.

ಕೊನೆಗೆ ಉದ್ಘಾಟನೆಯ ದಿನಾಂಕದ ಮಾತು. ಈ ಬಗೆಯ ಗೋಡೆಯ ಒಂದು ಘನ ಮೀಟರಿನಲ್ಲಿ ಕಟ್ಟುವಾಗ 180 ಲೀಟರ್ ನೀರಿರುತ್ತದೆ. ಸಿಮೆಂಟ್ ಹಿಡಿದಿಟ್ಟುಕೊಳ್ಳುವುದು, ಮಣ್ಣಿನಲ್ಲೇ ಉಳಿಯುವುದು ಎಲ್ಲ ಕಳೆದರೂ 100 ಲೀಟರ್ ಆವಿಯಾಗಿ ಹೊರಹೋಗಬೇಕು. 1,000 ಚದರ ಮೀಟರ್ ಗೋಡೆ 400 ಮಿ.ಮೀ. ದಪ್ಪವಿದ್ದರೆ ಅದು 40,000 ಲೀಟರ್. ಬಣ್ಣ ಬಳಿದು, ಎ.ಸಿ. ಹಾಕಿ, ಮಂತ್ರಿಗಳನ್ನು ಕರೆಸಿದ ಮಾತ್ರಕ್ಕೆ ಆ ನೀರು ಹೋಗುವುದಿಲ್ಲ, ಒಳಗಿನ ಮರ, ಬಟ್ಟೆ, ಕಾಗದಗಳಿಗೆ ಹತ್ತುತ್ತದೆ. ಸಹಾರಾದ ಒಣಗಾಳಿ ಬೀಸುವ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಹರ್ಮಟ್ಟಾನ್ ಒಂದು, ಅದರ ಬೆನ್ನಿಗೆ ಪೂರ್ತಿ ಮಳೆಗಾಲ ಒಂದು, ಎರಡನ್ನೂ ಖಾಲಿ ಕಟ್ಟಡ ದಾಟಬೇಕು. ಪ್ರತಿ ಕೋಣೆಯಲ್ಲೂ ಗಂಟೆಗೊಮ್ಮೆ ಉಷ್ಣತೆ, ಆರ್ದ್ರತೆ ಬರೆದುಕೊಳ್ಳುವ ಸಣ್ಣ ಯಂತ್ರ ಇಟ್ಟು, ಆ ವರ್ಷದ ಅಂಕಿ ಕೈಗೆ ಬಂದ ಮೇಲೆ ಮೊದಲ ಪೆಟ್ಟಿಗೆ ಒಳಗೆ ಬರಲಿ.

ಮಣ್ಣಿನ ಕಟ್ಟಡಗಳ ಕೆಲಸದಲ್ಲಿರುವ ಎಂಜಿನಿಯರ್‌ಗಳು,
ಬೆಂಗಳೂರು